ಪ್ರೀಮಿಯರ್ ಪದ್ಮಿನಿ: 29 ವರ್ಷ ಓಡಿಸಿದ್ಮೇಲೆ ನನ್ನ ರಿವ್ಯೂ, ಮಾರ್ಬೇಕಾ ಬೇಡ್ವಾ ಅನ್ನೋದೂ ಸೇರಿ

ಮಳೆಗಾಲ ಮುಗೀತಾ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮಗಳೂರು ಕಡೆಯವರೊಬ್ರು ಹಾಸನದ ನಮ್ಮನೆ ಹತ್ರ ಬಂದ್ರು. ಶೆಡ್ಡಲ್ಲಿದ್ದ ಪದ್ಮಿನಿ ಕಾರನ್ನ ಒಂದು ಸುತ್ತು ಹಾಕಿ ನೋಡಿದ್ರು, ಬಾನೆಟ್ ಕೂಡ ಎತ್ತಿಸ್ಲಿಲ್ಲ, ಎಷ್ಟಕ್ಕೆ ಕೊಡ್ತೀರಾ ಅಂದ್ರು. ಸ್ಟಾರ್ಟ್ ಮಾಡಿ ತೋರಿಸ್ಲಾ ಅಂದೆ. ಬೇಡ ಸಾರ್, ಓಡ್ಸೋಕಲ್ಲ, ರೆಸಾರ್ಟ್ ಗೇಟ್ ಹತ್ರ ನಿಲ್ಸಿ ಡಿಕ್ಕಿ ತೆಗೆದಿಟ್ಟು ಹೂವಿನ ಗಿಡ ಇಡ್ತೀವಿ, ಗೆಸ್ಟ್‌ಗಳು ಫೋಟೋ ತೆಕ್ಕೋತಾರೆ ಅಂದ್ರು. ಒಂದೂವರೆ ಲಕ್ಷ ಹೇಳಿದ್ರು. ಎರಡು ದಿನ ಟೈಮ್ ಕೊಡಿ ಅಂತ ಕಳಿಸ್ದೆ, ಆದ್ರೆ ಆ ಎರಡು ದಿನ ಬೇರೆ ಯಾವ ಕೆಲಸಕ್ಕೂ ಮನಸ್ಸು ಬರ್ಲಿಲ್ಲ. ಯಾಕಂದ್ರೆ ಮಾರೋ ಯೋಚನೆ ನನಗೂ ಒಂದು ವರ್ಷದಿಂದ ಇತ್ತು. ಇದೇ ಯೋಚನೇಲಿ ಇರೋರು ಇನ್ನೂ ಎಷ್ಟೋ ಜನ ಇರ್ತಾರೆ, ಅದಕ್ಕೆ ಇಷ್ಟು ವರ್ಷದ ಅನುಭವ ಪೂರ್ತಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಗಾಡಿ 1987ರದ್ದು, ತಿಳಿ ನೀಲಿ ಬಣ್ಣ. 1089 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕು ಗೇರು, ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲೇ, ಮುಂದೆ ಬೆಂಚ್ ಸೀಟು. ಮೂಲ ಇಟಲಿಯ ಫಿಯೆಟ್ 1100, ಇಲ್ಲಿ ಮುಂಬೈನ ಕುರ್ಲಾ ಫ್ಯಾಕ್ಟ್ರೀಲಿ ಮಾಡ್ತಿದ್ರು, ಪದ್ಮಿನಿ ಅನ್ನೋ ಹೆಸರು ಬಂದಿದ್ದು 1974ರಲ್ಲಿ. ನಮ್ಮ ಕಡೆ ಇವತ್ತಿಗೂ ಹಳಬರು ಫಿಯೆಟ್ ಅಂತಾನೇ ಕರೆಯೋದು. ಅಪ್ಪ ಹೈಸ್ಕೂಲ್ ಮೇಷ್ಟ್ರು, 1996ರಲ್ಲಿ ಸಕಲೇಶಪುರದ ಕಾಫಿ ಪ್ಲಾಂಟರ್ ಒಬ್ರ ಹತ್ರ 62 ಸಾವಿರಕ್ಕೆ ತಗೊಂಡ್ರು, ಪಿಎಫ್ ಸಾಲ ತೆಗೆದು. 2014ರಲ್ಲಿ ಅಪ್ಪ ಹೋದ್ಮೇಲೆ ಆರ್‌ಸಿ ನನ್ನ ಹೆಸರಿಗೆ ಬಂತು. ಈ 29 ವರ್ಷದಲ್ಲಿ ನಮ್ಮ ಕೈಲಿ ಸುಮಾರು ಒಂದು ಲಕ್ಷ ಮೂವತ್ತು ಸಾವಿರ ಕಿಲೋಮೀಟರ್ ಓಡಿದೆ.

ಓಡ್ಸೋಕೆ ಹೇಗಿದೆ ಅಂತ ಕೇಳೋರಿಗೆ: ಕೂತ ತಕ್ಷಣ ರಸ್ತೆ ಪೂರ್ತಿ ಕಾಣುತ್ತೆ, ಪಿಲ್ಲರ್‌ಗಳು ಸಣ್ಣ, ಗ್ಲಾಸು ದೊಡ್ಡದು, ನಾಲ್ಕೂ ಮೂಲೆ ಎಲ್ಲಿದೆ ಅಂತ ಕೂತಲ್ಲೇ ಗೊತ್ತಾಗುತ್ತೆ. ಹಾಸನದಿಂದ ಹಗರೆ ಮೇಲೆ ಬೇಲೂರಿಗೆ ಬೆಳಿಗ್ಗೆ ಆರೂವರೆಗೆ ಹೊರಟು 50-55ರಲ್ಲಿ ಹೋಗ್ತಾ, ಮುಂದಿನ ತ್ರಿಕೋನದ ಸಣ್ಣ ಗ್ಲಾಸು ತಿರುಗಿಸಿದ್ರೆ ಗಾಳಿ ನೇರ ಎದೆಗೆ ಬರುತ್ತೆ, ಎಸಿ ನೆನಪೇ ಆಗಲ್ಲ. 70 ದಾಟಿದ್ರೆ ಎಂಜಿನ್ ಕೂಗೋಕೆ ಶುರು ಮಾಡುತ್ತೆ, ನಾನು ದಾಟ್ಸೋದೂ ಇಲ್ಲ. ಮೈಲೇಜ್ ಹೈವೇಲಿ 13, ಹಾಸನದ ಎನ್ ಆರ್ ಸರ್ಕಲ್ ಟ್ರಾಫಿಕ್ಕಲ್ಲಿ 10 ಸಿಕ್ಕಿದ್ರೆ ಜಾಸ್ತಿ. ಫಸ್ಟ್ ಗೇರಿಗೆ ಗಾಡಿ ಪೂರ್ತಿ ನಿಂತ ಮೇಲೇ ಕೈ ಹಾಕ್ಬೇಕು, ಓಡ್ತಿರುವಾಗ ತಳ್ಳಿದ್ರೆ ಕಿರ್ರ್ ಅನ್ನುತ್ತೆ, ಹೊಸಬರು ಎಲ್ರೂ ಮಾಡೋ ಮೊದಲ್ನೇ ತಪ್ಪು ಇದೇ.

ಬ್ರೇಕ್ ಬಗ್ಗೆ ಮುಲಾಜಿಲ್ಲದೆ ಹೇಳ್ತೀನಿ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಕಾಲಿನ ಒತ್ತಡಕ್ಕೆ ಸಹಾಯ ಮಾಡೋ ಸರ್ವೋ ಇಲ್ಲ, ಪಾದದ ಪೂರ್ತಿ ಭಾರ ಬಿಡ್ಬೇಕು. ಚಾರ್ಮಾಡಿ ಇಳಿಯೋವಾಗ ಸೆಕೆಂಡ್ ಗೇರಲ್ಲೇ ಎಂಜಿನ್ ಹಿಡ್ಕೊಂಡು ಇಳೀಬೇಕು, ಬ್ರೇಕ್ ಮೇಲೇ ಇಳಿದ್ರೆ ಅರ್ಧ ದಾರೀಲಿ ಡ್ರಮ್ ಕಾದು ಪೆಡಲ್ ಒತ್ತಿದ್ರೂ ಹಿಡಿಯಲ್ಲ. ನೀರು ನಿಂತ ಜಾಗ ದಾಟಿದ್ಮೇಲೆ ಹತ್ತು ಮಾರು ಬ್ರೇಕನ್ನ ಮೆಲ್ಲಗೆ ಒತ್ಕೊಂಡೇ ಹೋಗಿ ಲೈನರ್ ಒಣಗಿಸ್ಬೇಕು. ಈಗಿನ ಕಾರುಗಳು ಮುಂದೆ ಸಡನ್ನಾಗಿ ನಿಲ್ಲುತ್ವೆ, ಅಷ್ಟೇ ಬೇಗ ನಮ್ಮದು ನಿಲ್ಲಲ್ಲ, ಅದಕ್ಕೆ ಹೈವೇಲಿ ಗ್ಯಾಪ್ ಬಿಡಲೇಬೇಕು. ಗ್ಯಾಪ್ ಬಿಟ್ರೆ ಬೇರೆಯವರು ಬಂದು ನುಗ್ತಾರೆ, ಮತ್ತೆ ಬಿಡ್ಬೇಕು. ಬಿಎಂ ರೋಡಲ್ಲಿ (ಬೆಂಗಳೂರು-ಮಂಗಳೂರು ಹೈವೇ) ಈಗಿನ ಸ್ಪೀಡಿಗೆ ಮನೆಯವರನ್ನ ಕೂರಿಸ್ಕೊಂಡು ಹೋಗೋಕೆ ನನಗೆ ನಿಜವಾಗ್ಲೂ ಭಯ ಆಗುತ್ತೆ. ಮಾರೋ ಯೋಚನೆ ಬಂದಿದ್ದಕ್ಕೆ ಮೊದಲ್ನೇ ಕಾರಣ ಇದು, ಎರಡನೇದು ನನ್ನ ಎಡಗಾಲಿನ ಮಂಡಿ.

1998ರ ಏಪ್ರಿಲ್‌ನ ಒಂದು ದಿನ ಹೇಳ್ಬೇಕು. ಧರ್ಮಸ್ಥಳದಿಂದ ವಾಪಸ್ ಚಾರ್ಮಾಡಿ ಹತ್ತುತಿದ್ವಿ, ಮಧ್ಯಾಹ್ನ ಎರಡು ಗಂಟೆ, ಒಳಗೆ ಆರು ಜನ. ಮೂರ್ನಾಲ್ಕು ತಿರುವು ಆದ್ಮೇಲೆ ಗಾಡಿ ಜರ್ಕ್ ಹೊಡೆದು ನಿಂತೇಹೋಯ್ತು. ನಾನು ಪೆಟ್ರೋಲ್ ಖಾಲಿ ಅಂದ್ಕೊಂಡೆ. ಅಪ್ಪ ಏನೂ ಮಾತಾಡ್ದೆ ಚಕ್ರಕ್ಕೆ ಕಲ್ಲು ಇಟ್ರು, ಬಾನೆಟ್ ಎತ್ತಿದ್ರು, ಅಮ್ಮನ ಹತ್ರ ಇದ್ದ ನೀರಿನ ಬಾಟ್ಲಿ ತಗೊಂಡು ಹೆಗಲ ಮೇಲಿನ ಟವೆಲ್ ನೆನೆಸಿ ಫ್ಯುಯೆಲ್ ಪಂಪ್‌ಗೆ ಸುತ್ತಿದ್ರು. ಪಂಪು ಎಂಜಿನ್ನಿಗೇ ಅಂಟ್ಕೊಂಡಿರುತ್ತಲ್ಲ, ಕಾದ್ರೆ ಒಳಗಿನ ಪೆಟ್ರೋಲ್ ಆವಿ ಆಗಿ ಮೇಲಕ್ಕೆ ಎಳೆಯೋಕಾಗಲ್ಲ, ತಣ್ಣಗಾದ್ರೆ ಸರಿ ಹೋಗುತ್ತೆ, ಅಷ್ಟೇ ವಿಷಯ. ಟವೆಲಿಂದ ಹೊಗೆ ತರ ಆವಿ ಏಳ್ತಿತ್ತು. ಹದಿನೈದು ನಿಮಿಷ ಬಿಟ್ಟು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು, ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿಂದು ಕತ್ತಲಾಗೋ ಹೊತ್ತಿಗೆ ಮನೇಲಿದ್ವಿ. ಅವತ್ತಿಂದ ಡಿಕ್ಕೀಲಿ ಒಂದು ಹಳೇ ಟವೆಲ್ಲು, ಎರಡು ಲೀಟರ್ ನೀರು ಯಾವಾಗ್ಲೂ ಇರುತ್ತೆ.

ಮೇಂಟೆನೆನ್ಸ್ ವಿಷಯಕ್ಕೆ ಬಂದ್ರೆ, ಈ ಗಾಡಿನ ಕೊಲ್ಲೋದು ಓಡಾಟ ಅಲ್ಲ ರೀ, ನಿಲ್ಲಿಸಿಡೋದು. 2020ರ ಲಾಕ್‌ಡೌನಲ್ಲಿ ಶೆಡ್ಡಲ್ಲಿ ನಾಲ್ಕು ತಿಂಗಳು ನಿಂತೇಬಿಡ್ತು, ನಾನೂ ಆ ಗಾಬರೀಲಿ ಅದರ ಕಡೆ ನೋಡ್ಲಿಲ್ಲ. ಆಗಸ್ಟಲ್ಲಿ ಕವರ್ ತೆಗೆದ್ರೆ ಸೀಟ್ ಮೇಲೆ ಬೂಷ್ಟು, ಇಲಿ ವೈರಿಂಗ್ ಕಡಿದು ಏರ್ ಫಿಲ್ಟರ್ ಹತ್ರ ಗೂಡು ಮಾಡಿತ್ತು, ಹಿಂದಿನ ಎರಡೂ ವೀಲ್ ಸಿಲಿಂಡರ್ ಜಾಮ್, ಕಾರ್ಬುರೇಟರ್ ಬೌಲಲ್ಲಿ ಪೆಟ್ರೋಲ್ ಒಣಗಿ ಅಂಟಂಟು. ಎಲ್ಲಕ್ಕಿಂತ ದೊಡ್ಡದು, ಕ್ಲಚ್ ಪ್ಲೇಟು ತೇವಕ್ಕೆ ಫ್ಲೈವೀಲಿಗೇ ಕಚ್ಕೊಂಡಿತ್ತು, ಪೆಡಲ್ ಒತ್ತಿದ್ರೂ ಬಿಡ್ತಿರ್ಲಿಲ್ಲ. ನಮ್ಮ ಮೆಕ್ಯಾನಿಕ್ಕು ಎಂಜಿನ್ ಬಿಸಿ ಮಾಡಿ ಆಫ್ ಮಾಡಿದ್ರು, ಟಾಪ್ ಗೇರಲ್ಲಿ ಹಾಕಿ ಕ್ಲಚ್ ಪೂರ್ತಿ ತುಳಿದು, ಹಿಂದಿಂದ ನಾಲ್ಕು ಜನರನ್ನ ಬಿಟ್ಟು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ ಅಲ್ಲಾಡಿಸಿ ಬಿಡಿಸಿದ್ರು, ಟಪ್ ಅಂತ ಒಂದು ಸೌಂಡ್ ಬಂತು, ಎಲ್ರೂ ಕೂಗಿದ್ವಿ. ಒಟ್ಟು ಬಿಲ್ 23 ಸಾವಿರ. ತುಕ್ಕಿನ ಕೆಲಸ ಬಿಟ್ರೆ, ದಿನಾ ಓಡಿದ್ದ ವರ್ಷಗಳಲ್ಲಿ ಇದರ ಕಾಲು ಭಾಗವೂ ಖರ್ಚಾಗಿಲ್ಲ.

ಮಿಕ್ಕ ಕೆಲಸ ಕಲಿತ್ಕೊಂಡ್ರೆ ಸುಲಭ. ಪ್ಲಗ್‌ಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟನ್ನ ಸಣ್ಣ ಎಮ್ರಿ ಪೇಪರಲ್ಲಿ ಉಜ್ಜಿ ಗ್ಯಾಪ್ ಸೆಟ್ ಮಾಡೋದು, ಮುಂದಿನ ಚಕ್ರ ತಿರುಗೋ ಕಿಂಗ್‌ಪಿನ್‌ಗೆ ತಪ್ಪದೆ ಗ್ರೀಸ್ ಹೊಡೆಯೋದು, ರೇಡಿಯೇಟರ್ ನೀರು ನೋಡೋದು. ಗ್ರೀಸ್ ತಪ್ಪಿಸಿದ್ರೆ ಸ್ಟೀರಿಂಗ್ ಗಟ್ಟಿ ಆಗ್ತಾ ಬರುತ್ತೆ. ಸ್ಪೇರ್ ಪಾರ್ಟ್ಸ್ ಹಾಸನದಲ್ಲಿ ಸಿಗೋದು ನಿಂತು ತುಂಬಾ ವರ್ಷ ಆಯ್ತು, ಬೆಂಗಳೂರು ಜೆಸಿ ರೋಡಿಗೇ ಹೋಗ್ಬೇಕು, 5.20-14 ಟೈರಿಗೂ ಅಷ್ಟೇ. ಡೂಪ್ಲಿಕೇಟ್ ಹುಷಾರು, ಒಂದ್ಸಲ ತಂದ ಬ್ರೇಕ್ ಕಿಟ್ ಮೂರೇ ತಿಂಗಳಿಗೆ ಸೋರೋಕೆ ಶುರು ಆಯ್ತು. ಹಳೇ ಪಾರ್ಟನ್ನ ಜೊತೆಗೆ ತಗೊಂಡು ಹೋಗಿ ರಬ್ಬರ್ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ತುಕ್ಕು ನಮ್ಮ ಕಡೆ ಮಳೆಗೆ ತಪ್ಪಿದ್ದಲ್ಲ. 2017ರಲ್ಲಿ ಫ್ಲೋರು, ಬಾಗಿಲ ಕೆಳಭಾಗ ಎಲ್ಲಾ ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಸಿದ್ದಕ್ಕೆ 38 ಸಾವಿರ ಆಯ್ತು. ಮ್ಯಾಟ್ ಎತ್ತಿ ನೋಡದೆ ಯಾವ ಹಳೇ ಫಿಯೆಟ್ಟನ್ನೂ ತಗೋಬೇಡಿ.

ಇತ್ತೀಚಿನ ಹೊಸ ತಲೆನೋವು ಪೆಟ್ರೋಲ್. ಈಗ ಬಂಕಲ್ಲಿ ಬರೋ ಇ20ಯಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್, ಅದು ಹಳೇ ಕಾಲದ ರಬ್ಬರನ್ನ ಉಬ್ಬಿಸುತ್ತೆ, ಜೊತೆಗೆ ನೀರನ್ನ ಎಳ್ಕೊಳುತ್ತೆ. ಹೋದ ವರ್ಷ ಫ್ಯುಯೆಲ್ ಪಂಪಿನ ಒಳಗಿನ ಪದರ, ಡಯಾಫ್ರಾಮ್ ಹೋಯ್ತು, ಹೋಸ್ ಪೈಪ್ ಕೈಲಿ ಹಿಡಿದ್ರೆ ಮೆತ್ತಗೆ ಬರ್ತಿತ್ತು. ಎಥನಾಲ್ ತಡೆಯೋ ಹೋಸ್ ಪೂರ್ತಿ ಹಾಕಿಸ್ದೆ, ಒಂದು ಇನ್‌ಲೈನ್ ಫಿಲ್ಟರ್ ಸೇರಿಸ್ದೆ. ಹಳೇ ಕಾರ್ ಇರೋರು ಬೇರೆ ಯಾವ ಕೆಲಸ ಬಿಟ್ರೂ ಇದನ್ನ ಬಿಡ್ಬೇಡಿ, ಪೆಟ್ರೋಲ್ ಲೀಕ್ ಆಗಿ ಬಿಸಿ ಎಂಜಿನ್ ಮೇಲೆ ಬಿದ್ರೆ ಏನಾಗುತ್ತೆ ಅಂತ ಹೇಳೋದೇ ಬೇಡ.

ಇನ್ನು ಕಾಗದದ ಲೆಕ್ಕ. ಹದಿನೈದು ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನೀವಲ್. ಮೊದಲು ಕಾರಿಗೆ 600 ರೂಪಾಯಿ ಇದ್ದಿದ್ದು 2022ರ ಏಪ್ರಿಲಿಂದ 5,000 ಆಯ್ತು, ಆ ವರ್ಷದ ಕೊನೇಲಿ ನಾನು ಕಟ್ಟಿದ್ದು ಅಷ್ಟು. 2025ರ ಆಗಸ್ಟಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು, ಅಂದ್ರೆ 2027ಕ್ಕೆ ನನಗೆ ಅಷ್ಟು. ಥರ್ಡ್ ಪಾರ್ಟಿ ಇನ್ಶೂರೆನ್ಸು ಸಾವಿರ ಸಿಸಿ ದಾಟಿರೋದ್ರಿಂದ ವರ್ಷಕ್ಕೆ 3,416, ಮೇಲೆ ಜಿಎಸ್‌ಟಿ. ಎಲ್ರೂ ವಿಂಟೇಜ್ ಕಾರು ಅಂತಾರೆ, ಆದ್ರೆ ಕಾನೂನಲ್ಲಿ ವಿಂಟೇಜ್ ಅನ್ನಿಸ್ಕೊಳೋಕೆ 50 ವರ್ಷ ಆಗಿರ್ಬೇಕು. ಇಷ್ಟೆಲ್ಲಾ ಕಟ್ಟಿ ನಾನು ಈಗ ವರ್ಷಕ್ಕೆ ಓಡ್ಸೋದು 600 ಕಿಲೋಮೀಟರ್. ಮಗಳು ಬೆಂಗಳೂರಲ್ಲಿದಾಳೆ, ಅವಳಿಗೆ ಈ ಗಾಡಿ ಅಂದ್ರೆ ಪ್ರೀತಿ ಇದೆ, ಓಡ್ಸೋಕೆ ಟೈಮಿಲ್ಲ.

2023ರ ಅಕ್ಟೋಬರಲ್ಲಿ ಮುಂಬೈಯಲ್ಲಿ ಕೊನೇ ಪದ್ಮಿನಿ ಟ್ಯಾಕ್ಸಿ ನಿಂತಾಗ ಪೇಪರಲ್ಲೆಲ್ಲಾ ಬಂತಲ್ಲ, ಅದಾದ್ಮೇಲೆ ನನ್ನ ಗಾಡಿ ಕೇಳ್ಕೊಂಡು ಬರೋರು ಜಾಸ್ತಿ ಆದ್ರು. ಒಬ್ರು ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳಿದ್ರು. ಇನ್ನೊಬ್ರು ಪೂರ್ತಿ ಬಿಚ್ಚಿ ಬೇರೆ ಎಂಜಿನ್ ಹಾಕ್ತೀನಿ ಅಂದ್ರು. ಆಮೇಲೆ ಈ ರೆಸಾರ್ಟಿನವರು. ಅವರು ಒಳ್ಳೆಯವರೇ, ದುಡ್ಡೂ ಎಲ್ರಿಗಿಂತ ಜಾಸ್ತಿ. ಆದ್ರೆ ಚಿಕ್ಕಮಗಳೂರಿನ ಒಂದು ಮಳೆಗಾಲ ಬಯಲಲ್ಲಿ ನಿಂತ್ರೆ ಅದರ ಫ್ಲೋರು ಉಳಿಯಲ್ಲ, ಎರಡು ಮಳೆಗಾಲಕ್ಕೆ ಬರೀ ಡಬ್ಬ. ಶೆಡ್ಡಲ್ಲಿ ನಾಲ್ಕೇ ತಿಂಗಳಿಗೆ ಏನಾಯ್ತು ಅಂತ ಕಣ್ಣಾರೆ ನೋಡಿದೀನಿ. ಎರಡನೇ ದಿನ ಸಾಯಂಕಾಲ ಫೋನ್ ಮಾಡಿ ಆಗಲ್ಲ ಅಂತ ಹೇಳ್ದೆ.

ಹಾಗಂತ ನಾನೇ ಇಟ್ಕೊಂಡ್ರೂ ಅದೇ ಕಥೆ, ಮಂಡಿ ನೋವು ಜಾಸ್ತಿ ಆದಂಗೆ ಓಡಾಟ ಕಮ್ಮಿ ಆಗುತ್ತೆ, ಶೆಡ್ಡಲ್ಲೇ ನಿಲ್ಲುತ್ತೆ. ಅಲ್ದೆ ನಮ್ಮ ಮೆಕ್ಯಾನಿಕ್‌ಗೆ ಎಪ್ಪತ್ತು ದಾಟಿದೆ, ಗ್ಯಾರೇಜ್ ಮುಚ್ಚಿಬಿಟ್ಟಿದಾರೆ, ಕರೆದ್ರೆ ಮನೆಗೆ ಬಂದು ಹೇಳಿಕೊಡ್ತಾರೆ, ಕೆಲಸ ಮಾಡೋದು ಅವರ ಜೊತೆ ಬರೋ ಹುಡುಗ. ಅರಸೀಕೆರೆ ಕಡೆಯವನು, ಪಂಪ್‌ಸೆಟ್ ರಿಪೇರಿ ಮಾಡ್ತಾನೆ, ಇಪ್ಪತ್ತಾರು ವರ್ಷ. ಎರಡು ವರ್ಷದಿಂದ ತಿಂಗಳಿಗೆ ಒಂದು ಭಾನುವಾರ ಬರ್ತಾನೆ. ಪಾಯಿಂಟ್ ಗ್ಯಾಪ್ ಸೆಟ್ ಮಾಡೋದು ಕಲಿತಿದ್ದೇ ನಮ್ಮ ಗಾಡೀಲಿ. ರೆಸಾರ್ಟ್ ವಿಷಯ ಕಿವಿಗೆ ಬಿದ್ದಾಗ ಅವನು, ಸಾರ್ ಯಾರಿಗೂ ಕೊಡ್ಬೇಡಿ, ನಾನೇ ತಗೋತೀನಿ, ಒಂದೇ ಸಲ ಅಷ್ಟು ಕೊಡೋಕಾಗಲ್ಲ ಅಂದ. ನಾನು ಹೂಂ ಅನ್ಲಿಲ್ಲ, ಧರ್ಮಸ್ಥಳಕ್ಕೆ ಹೋಗಿ ಬರೋಣ, ಪೂರ್ತಿ ನೀನೇ ಓಡ್ಸು ಅಂದೆ.

ಮಾರೋರಿಗೆ ಮಧ್ಯದಲ್ಲಿ ಒಂದು ಮಾತು, ಮರೆತುಬಿಡ್ತೀನಿ ಅಂತ ಇಲ್ಲೇ ಹೇಳ್ತೀನಿ. ದುಡ್ಡು ತಗೊಂಡು ಕೀ ಕೊಟ್ಟು ಸುಮ್ನಾಗ್ಬೇಡಿ. ಓನರ್ ಹೆಸರು ಬದಲಿಸೋ ಫಾರಂ 29, 30 ಸೈನ್ ಮಾಡಿ ಆರ್‌ಸಿ ಅವರ ಹೆಸರಿಗೆ ಆಗೋವರೆಗೂ ಬೆನ್ನು ಹತ್ತಿ. ಆರ್‌ಟಿಒ ದಾಖಲೇಲಿ ಯಾರ ಹೆಸರಿದೆಯೋ ಅವರೇ ಓನರ್, ಆಕ್ಸಿಡೆಂಟ್ ಆದ್ರೆ ಅವರೇ ಜವಾಬ್ದಾರಿ ಅಂತ ಸುಪ್ರೀಂ ಕೋರ್ಟೇ 2018ರಲ್ಲಿ ಹೇಳಿದೆ. ಗೊತ್ತಿರೋ ಹುಡುಗ, ನಂಬಿಕೆ ಇದೆ ಅನ್ನೋದು ಇದಕ್ಕೆ ಬರಲ್ಲ.

ದೀಪಾವಳಿ ಕಳೆದ್ಮೇಲೆ ಒಂದು ಶನಿವಾರ ಹೊರಟ್ವಿ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಘಾಟಿ ಇಳಿಯೋವಾಗ ಅವನು ತಾನಾಗೇ ಸೆಕೆಂಡಿಗೆ ಹಾಕ್ದ, ಬ್ರೇಕ್ ಮೇಲೆ ಕಾಲಿಟ್ಟಿದ್ದು ಹೇರ್‌ಪಿನ್‌ಗಳಲ್ಲಿ ಮಾತ್ರ. ಅಣ್ಣಪ್ಪ ಸ್ವಾಮಿ ಗುಡಿ ಹತ್ರ ನಿಲ್ಸಿ ಡ್ರಮ್ ಹತ್ರ ಕೈ ಇಟ್ಟು ನೋಡ್ದೆ, ಬರೀ ಬೆಚ್ಚಗಿತ್ತು. ವಾಪಸ್ ಬರೋವಾಗ ಮಳೆ ಬಿಟ್ಟು ಬಿಸಿಲು ಚುರುಕಾಗಿತ್ತು, ಮುಂದೆ ಒಂದು ಲಾರಿ ತೆವಳ್ತಿತ್ತು, ಅದರ ಹಿಂದೆ ಫಸ್ಟು ಸೆಕೆಂಡಲ್ಲೇ ಹತ್ತಿ ಹತ್ತಿ ಗಾಡಿ ಜರ್ಕ್ ಹೊಡೆದು ನಿಂತ್ಕೊಳ್ತು. ನಾನು ಬಾಯಿ ತೆಗೆಯೋಕೆ ಮುಂಚೆ ಅವನು ಇಳಿದು ಚಕ್ರಕ್ಕೆ ಕಲ್ಲಿಟ್ಟ. ಡಿಕ್ಕಿಯಿಂದ ಟವೆಲ್ಲು ನೀರು ತಂದ. ಪಂಪಿಗೆ ಸುತ್ತೋವಾಗ ನೀರು ಡಿಸ್ಟ್ರಿಬ್ಯೂಟರ್ ಮೇಲೆ ಹನಿಯದಂಗೆ ಇನ್ನೊಂದು ಕೈ ಅಡ್ಡ ಇಟ್ಟಿದ್ದ, ಅದು ಅಪ್ಪನೂ ಮಾಡ್ತಿರ್ಲಿಲ್ಲ, ನಾನೂ ಮಾಡಿರ್ಲಿಲ್ಲ.

90 ಸಾವಿರಕ್ಕೆ ಮಾತಾಗಿದೆ, ಮೂರು ಕಂತು. ಇನ್ಶೂರೆನ್ಸ್ ಹೊಸದಾಗಿ ಅವನ ಹೆಸರಲ್ಲಿ ಮಾಡಿಸ್ತೀವಿ. ಜೆಸಿ ರೋಡಿಂದ ತಂದಿಟ್ಟಿದ್ದ ಎರಡು ಪಾಯಿಂಟ್ ಸೆಟ್ಟು, ಒಂದು ಪಂಪ್ ಡಯಾಫ್ರಾಮು, ಗ್ರೀಸ್ ಗನ್ನು ಎಲ್ಲಾ ಒಂದು ಡಬ್ಬಕ್ಕೆ ಹಾಕಿ ಡಿಕ್ಕೀಲಿ ಇಟ್ಟಿದೀನಿ. ಟವೆಲ್ ಮಾತ್ರ ಹರಿದಿತ್ತು, ಹೊಸದು ತಂದು ಹಾಕ್ದೆ.