ನಾಲ್ಕೇ ವಿಷಯಗಳ ಅಂಕಪಟ್ಟಿ: ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವವರ ಗಮನಕ್ಕೆ

2016ರ ಬೇಸಿಗೆ ರಜೆ ಮುಗಿದ ಮೇಲೆ ನಾವು ಮಕ್ಕಳಿಬ್ಬರನ್ನೂ ಮತ್ತೆ ಶಾಲೆಗೆ ಕಳುಹಿಸಲಿಲ್ಲ. ಆಗ ಮಗಳು ಐದನೇ ತರಗತಿ, ಮಗ ಮೂರನೇ ತರಗತಿ ಮುಗಿಸಿದ್ದರು. ಮೈಸೂರಿನ ನಮ್ಮ ಮನೆಯ ಊಟದ ಮೇಜಿನ ಮೇಲೇ ಇಬ್ಬರ ಪಾಠವೂ ನಡೆಯಿತು. ಅಕ್ಕನಿಗೆ ಹೇಳಿಕೊಡುವ ಗಣಿತವನ್ನು ಕೇಳಿಸಿಕೊಂಡೇ ತಮ್ಮ ಅವಳ ಸಮಕ್ಕೆ ಬಂದುಬಿಟ್ಟ. ಮನೆಯಲ್ಲಿ ಓದಿಸಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ನಾವು ಎಡವಿದ್ದು ಕಾಗದಪತ್ರಗಳಲ್ಲಿ, ಅದಕ್ಕೆ ಬೆಲೆ ತೆತ್ತವಳು ಮಗಳು.

ಕೋವಿಡ್ ಗೊಂದಲದಲ್ಲಿ ಅವಳ ಹತ್ತನೇ ತರಗತಿಯ ಪರೀಕ್ಷೆಯನ್ನು ಮುಂದಕ್ಕೆ ಹಾಕಿದ್ದೆವು. ಹೀಗಾಗಿ 2022ರಲ್ಲಿ ಹದಿನೇಳರ ಅಕ್ಕ ಮತ್ತು ಹದಿನೈದರ ತಮ್ಮ ಇಬ್ಬರೂ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ, ಹತ್ತನೇ ತರಗತಿಯನ್ನು ಒಟ್ಟಿಗೇ ಪಾಸು ಮಾಡಿದರು. ತಡವಾದ ಆ ಒಂದು ವರ್ಷವನ್ನು ಹೇಗಾದರೂ ತುಂಬಿಕೊಳ್ಳಬೇಕೆಂಬ ಆತುರ ನಮ್ಮಲ್ಲಿತ್ತು. ಹನ್ನೆರಡನೆಯದನ್ನು ಒಂದೇ ವರ್ಷದಲ್ಲಿ ಮುಗಿಸಿಕೊಡುತ್ತೇವೆ, ನೋಂದಣಿಯಿಂದ ರಾಜ್ಯದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅರ್ಜಿಯವರೆಗೆ ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದು ಒಂದು ಖಾಸಗಿ ತರಬೇತಿ ಕೇಂದ್ರದವರು ಹೇಳಿದಾಗ, ಏನನ್ನೂ ವಿಚಾರಿಸದೆ ಇಬ್ಬರ ಶುಲ್ಕವನ್ನೂ ಕಟ್ಟಿದೆವು.

ಅವರು ಹೇಳದೇ ಉಳಿಸಿದ ನಿಯಮವಿದು. ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಯ ತೇರ್ಗಡೆಗೂ ಹನ್ನೆರಡನೇ ತರಗತಿಯ ಪ್ರಮಾಣಪತ್ರಕ್ಕೂ ನಡುವೆ ಎರಡು ವರ್ಷಗಳ ಅಂತರವಿರಬೇಕು. ಒಂದೇ ವರ್ಷದ ಅಂತರದಲ್ಲಿ ಬರೆಯುವವರು ಹೆಚ್ಚೆಂದರೆ ನಾಲ್ಕು ವಿಷಯಗಳ ಪರೀಕ್ಷೆ ಬರೆಯಬಹುದು, ಆದರೆ ಪ್ರಮಾಣಪತ್ರ ಸಿಗಲು ಐದು ವಿಷಯಗಳು ಬೇಕು. ರಾಷ್ಟ್ರಮಟ್ಟದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ ಕೂಡ ಎನ್‌ಐಒಎಸ್ ವಿದ್ಯಾರ್ಥಿಗಳಿಂದ ಕನಿಷ್ಠ ಐದು ವಿಷಯಗಳನ್ನೇ ಕೇಳುತ್ತದೆ. ಮಕ್ಕಳ ಪ್ರವೇಶ ಪತ್ರ ನನ್ನ ಕೈಯಲ್ಲೇ ಇತ್ತು: 302 ಇಂಗ್ಲಿಷ್, 311 ಗಣಿತ, 312 ಭೌತಶಾಸ್ತ್ರ, 313 ರಸಾಯನಶಾಸ್ತ್ರ. ಆ ನಾಲ್ಕು ಸಾಲುಗಳನ್ನು ನಾನು ಎಷ್ಟು ಸಲ ನೋಡಿದ್ದೆನೋ! ಇಂಜಿನಿಯರಿಂಗ್‌ಗೆ ಬೇಕಾದ ಮೂರೂ ವಿಷಯಗಳಿವೆಯಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದೆನೇ ಹೊರತು ಐದನೆಯ ಸಾಲು ಏಕಿಲ್ಲ ಎಂದು ಕೇಳಲಿಲ್ಲ. ಕೇಳಲು ದಾರಿಯೂ ಕಡಿಮೆಯಿತ್ತು, ಏಕೆಂದರೆ ನೋಂದಣಿಯಲ್ಲಿ ಅವರು ತಮ್ಮದೇ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟಿದ್ದರು. ಸಂಸ್ಥೆಯಿಂದ ಬಂದ ಒಂದು ಸಂದೇಶವೂ ನಮ್ಮನ್ನು ತಲುಪಲಿಲ್ಲ.

2023ರಲ್ಲಿ ಸಿಇಟಿ ಸೀಟಿಗಾಗಿ ನಡೆದ ದಾಖಲೆ ಪರಿಶೀಲನೆಯ ದಿನ, ಮೇಜಿನ ಆಚೆ ಕುಳಿತಿದ್ದವರು ಮಗಳ ಅಂಕಪಟ್ಟಿಯನ್ನು ಎರಡು ಸಲ ತಿರುಗಿಸಿ ನೋಡಿ, "ಮೇಡಂ, ಐದನೇ ಸಬ್ಜೆಕ್ಟ್ ಎಲ್ಲಿದೆ?" ಎಂದು ಕೇಳಿದರು. ಮಗಳು ನನ್ನ ಮುಖ ನೋಡಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಅದೇ ಮೇಜಿನಲ್ಲಿ ಎರಡನೆಯ ತಪ್ಪೂ ಹೊರಬಿತ್ತು. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸರ್ಕಾರಿ ಸೀಟು ಪಡೆಯಲು ಸಾಮಾನ್ಯವಾಗಿ ಬಳಕೆಯಾಗುವ ಅರ್ಹತಾ ಷರತ್ತೆಂದರೆ, ಒಂದನೇ ತರಗತಿಯಿಂದ ಹನ್ನೆರಡರವರೆಗೆ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯತೆ ಪಡೆದ ಶಾಲೆಗಳಲ್ಲಿ ಓದಿರಬೇಕು; ಅದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಮಗಳು ಶಾಲೆಯಲ್ಲಿ ಓದಿದ್ದು ಐದು ವರ್ಷ, ಮಗ ಮೂರೇ ವರ್ಷ. ಊಟದ ಮೇಜಿನ ಮೇಲೆ ಕಳೆದ ವರ್ಷಗಳಿಗೆ ಯಾವ ಅಧಿಕಾರಿ ತಾನೆ ರುಜು ಹಾಕಿಯಾರು? ಅರ್ಜಿ ತುಂಬಿದ ಕೇಂದ್ರದವರು ಮಾತ್ರ ಏಳು ವರ್ಷ ಎಂದೇ ನಮೂದಿಸಿದ್ದರು. ನಮಗೆ ಗೊತ್ತಿಲ್ಲದೆಯೇ ನಮ್ಮ ಹೆಸರಿನಲ್ಲಿ ಒಂದು ಸುಳ್ಳು ದಾಖಲಾಗಿತ್ತು. ಇದು ನನಗೆ ಹಣ ಕಳೆದುಕೊಂಡದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ನನ್ನನ್ನು ಈಗಲೂ ಕೊರೆಯುವ ವಿಷಯ ಇನ್ನೊಂದಿದೆ. ಪ್ರಾಧಿಕಾರದ ಮಾಹಿತಿ ಪುಸ್ತಕದಲ್ಲಿ ಬೇರೊಂದು ಷರತ್ತೂ ಇತ್ತು: ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ವಿದ್ಯಾರ್ಥಿಯು ಪ್ರಥಮ ಮತ್ತು ದ್ವಿತೀಯ ಪಿಯುಸಿಯನ್ನು ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿದ್ದರೆ ಅರ್ಹತೆ ಸಿಗುತ್ತದೆ. ನಾನೂ ನನ್ನ ಯಜಮಾನರೂ ಓದಿದ್ದೆಲ್ಲ ಇದೇ ರಾಜ್ಯದಲ್ಲಿ. ಹತ್ತನೆಯದಾದ ಮೇಲೆ ಮಕ್ಕಳನ್ನು ಹತ್ತಿರದ ಪಿಯು ಕಾಲೇಜಿಗೆ ಸೇರಿಸಿದ್ದರೆ ಈ ದಾರಿ ನಮಗೆ ತೆರೆದಿರುತ್ತಿತ್ತು.

ಐದನೆಯ ವಿಷಯವನ್ನು ಇಬ್ಬರೂ 2024ರಲ್ಲಿ ಬರೆದರು. ವಯಸ್ಸು ಚಿಕ್ಕದಿದ್ದುದರಿಂದ ಮಗನಿಗೆ ನಷ್ಟವಾಗಲಿಲ್ಲ. ಹತ್ತೊಂಬತ್ತರ ಮಗಳು ಹದಿನೇಳರ ತಮ್ಮನ ಜೊತೆಗೇ ಕೂತು ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆ ಅರ್ಜಿ ತುಂಬಿದಳು. ಇಬ್ಬರಿಗೂ ಸೀಟು ಸಿಕ್ಕಿತು, ಆದರೆ ಸರ್ಕಾರಿ ಸೀಟಿನ ಶುಲ್ಕಕ್ಕೂ ಅದಕ್ಕೂ ಇರುವ ಅಂತರವನ್ನು ಇಬ್ಬರು ಮಕ್ಕಳಿಗೆ ಒಟ್ಟಿಗೇ ಹೊಂದಿಸುವುದು ನಮ್ಮಂಥ ಮನೆಗೆ ಬಹಳ ಭಾರ.

ನಿಮ್ಮ ಮಕ್ಕಳು ಮನೆಯಲ್ಲೇ ಓದುತ್ತಿದ್ದರೆ, ಎಂಟು ಅಥವಾ ಒಂಬತ್ತನೇ ತರಗತಿಯ ವಯಸ್ಸಿಗೆ ಬಂದಾಗಲೇ ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಕವನ್ನೂ ಎನ್‌ಐಒಎಸ್‌ನ ವಿವರಣಾ ಪುಸ್ತಕವನ್ನೂ ನೀವೇ ಕೂತು ಓದಿ, ಏಕೆಂದರೆ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಮುಕ್ತ ಶಾಲೆಯವರನ್ನು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಿಂದ ಹೊರಗಿಟ್ಟಿದ್ದ ನಿಯಮವನ್ನು ದೆಹಲಿ ಹೈಕೋರ್ಟ್ ರದ್ದುಪಡಿಸಿದ್ದು 2018ರಲ್ಲಷ್ಟೇ. ನೋಂದಣಿಯಲ್ಲಿ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ಸಂಖ್ಯೆ ಇರಲಿ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಯಾವುದಾದರೂ ಕೇಂದ್ರದವರ ಮೂಲಕ ಈಗಾಗಲೇ ನೋಂದಾಯಿಸಿದ್ದರೆ, ಮಕ್ಕಳ ಗುರುತಿನ ಚೀಟಿಯನ್ನು ಇಂದೇ ತೆಗೆದು ಅದರಲ್ಲಿರುವ ವಿಷಯಗಳನ್ನು ಎಣಿಸಿ ನೋಡಿ.