ಫೋಲ್ಡ್‌ಸ್ಕೋಪ್: ಕಬ್ಬಿನ ಸೋಗೆ ಯಾಕೆ ಕೊಯ್ಯುತ್ತದೆ ಅಂತ ತೋರಿಸಿಕೊಟ್ಟ ಕಾಗದದ ಮೈಕ್ರೋಸ್ಕೋಪ್

ವಿಜ್ಞಾನ ಪಾಠ ಮಾಡುವ ಗೆಳತಿಯರು, ಗೆಳೆಯರು ಆಗಾಗ ಕೇಳುತ್ತಾರೆ. ಮಕ್ಕಳು ಪಾಠದಲ್ಲಿ ಮನಸ್ಸಿಟ್ಟು ಕೂರಬೇಕು ಅಂದರೆ ಏನು ಮಾಡುತ್ತೀರಿ, ಯಾವುದಾದರೂ ಒಂದು ಸಾಮಾನು ಕೊಳ್ಳಬೇಕು ಅಂದರೆ ಯಾವುದು ಕೊಳ್ಳಲಿ ಅಂತ. ನನ್ನ ಉತ್ತರ ಒಂದೇ, ಫೋಲ್ಡ್‌ಸ್ಕೋಪ್. ಕಾಗದ ಮಡಿಸಿ ನಾವೇ ಮಾಡಿಕೊಳ್ಳುವ ಮೈಕ್ರೋಸ್ಕೋಪ್ ಇದು. ಮಂಡ್ಯದ ಹತ್ತಿರದ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಗೆ ನಾನು ಇದನ್ನು ಬಳಸುತ್ತಿದ್ದೇನೆ. ಕಣ್ಣು ಮುಚ್ಚಿಕೊಂಡು ತಗೊಳ್ಳಿ ಅಂತ ಹೇಳುತ್ತೇನೆ, ಆದರೆ ಒಂದು ಷರತ್ತು. ಶಾಲೆಗೆ ಒಂದು ಅಂತ ತಗೋಬೇಡಿ. ಇಬ್ಬರು ಮಕ್ಕಳಿಗೆ ಒಂದಾದರೂ ಇರಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ವಸ್ತು ಏನು ಅಂತ ನೋಡೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಜಿಮ್ ಸೈಬುಲ್ಸ್ಕಿ ಅನ್ನುವವರು ಸೇರಿ ಮಾಡಿದ್ದು. ಇದರ ಸಂಶೋಧನಾ ಲೇಖನ ಹೊರಬಂದದ್ದು 2014ರಲ್ಲಿ. ಮನು ಪ್ರಕಾಶ್ ನಮ್ಮ ದೇಶದವರೇ, ಕಾನ್ಪುರದ ಐಐಟಿಯಲ್ಲಿ ಓದಿದವರು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ, ಕೇಳಿದ ತಕ್ಷಣ ಅವರ ಬೆನ್ನು ನೆಟ್ಟಗಾಗುತ್ತದೆ. ಮನು ಅವರು ಥಾಯ್ಲೆಂಡಿನ ಒಂದು ಸಂಶೋಧನಾ ಕೇಂದ್ರಕ್ಕೆ ಹೋಗಿದ್ದಾಗ ಅಲ್ಲಿ ದುಬಾರಿ ಮೈಕ್ರೋಸ್ಕೋಪ್ ಒಂದು ಇತ್ತಂತೆ, ಆದರೆ ಎಲ್ಲಿ ಹಾಳಾಗುತ್ತದೋ ಅನ್ನುವ ಭಯಕ್ಕೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲವಂತೆ. ಮುಟ್ಟೋಕೆ ಭಯ ಆಗದ ಮೈಕ್ರೋಸ್ಕೋಪ್ ಬೇಕು ಅನ್ನುವ ಯೋಚನೆ ಅವರಿಗೆ ಬಂದದ್ದು ಅಲ್ಲಿಂದ. ಈ ಕಥೆ ನಮಗೆ ಬಿಡಿಸಿ ಹೇಳಬೇಕಾ? ಎಷ್ಟು ಶಾಲೆಗಳಲ್ಲಿ ಮೈಕ್ರೋಸ್ಕೋಪ್ ಬೀರುವಿನೊಳಗೆ ಬಟ್ಟೆ ಸುತ್ತಿಕೊಂಡು ಕೂತಿಲ್ಲ! ಹೊರಗೆ ತೆಗೆದ ದಿನವೂ ನಲವತ್ತು ಮಕ್ಕಳು ಸಾಲು ನಿಂತು, ಒಬ್ಬೊಬ್ಬರು ಒಂದೊಂದು ಗಳಿಗೆ ಬಗ್ಗಿ ನೋಡಿ, ಏನು ಕಂಡಿತು ಅನ್ನುವುದು ತಿಳಿಯುವ ಮೊದಲೇ ಹಿಂದಿನವರು ತಳ್ಳಿ, ಬೆಲ್ ಹೊಡೆದುಬಿಡುತ್ತದೆ.

ಫೋಲ್ಡ್‌ಸ್ಕೋಪಿನಲ್ಲಿ ಇರುವುದು ಒಂದೇ ಲೆನ್ಸ್. ಗಾಜಿನ ಒಂದು ಪುಟ್ಟ ಗೋಲಿ, ಎರಡೂವರೆ ಮಿಲಿಮೀಟರಿಗಿಂತ ಚಿಕ್ಕದು. 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಕಾಗದ ಅಂದರೆ ನೋಟ್‌ಬುಕ್ಕಿನ ಕಾಗದ ಅಲ್ಲ, ಹರಿಯದ, ನೀರಿಗೆ ನೆನೆಯದ ಗಟ್ಟಿ ಹಾಳೆ. ಕೆಳಗೆ ಬಿದ್ದರೂ ಏನೂ ಆಗುವುದಿಲ್ಲ. ಕರೆಂಟು ಬೇಡ, ಕಿಟಕಿಯ ಬೆಳಕು ಸಾಕು. ಹಾಲೆಂಡಿನ ಲೀವೆನ್‌ಹುಕ್ 1670ರ ದಶಕದಲ್ಲಿ ಕೆರೆ ನೀರಿನ ಜೀವಿಗಳನ್ನು ಮೊದಲ ಸಲ ನೋಡಿದ್ದು ಕೂಡ ಇಂಥದ್ದೇ ಒಂಟಿ ಲೆನ್ಸಿನಲ್ಲಿ. ಆತ ಬಟ್ಟೆ ವ್ಯಾಪಾರಿ, ದೊಡ್ಡ ಪದವಿ ಪಡೆದವನಲ್ಲ. ಓದಿನಲ್ಲಿ ಹಿಂದೆ ಇದ್ದೇನೆ ಅಂದುಕೊಂಡ ಮಗುವಿಗೆ ಈ ಮಾತು ತುಂಬಾ ಬೇಕು.

ಮಡಿಸುವ ಕೆಲಸಕ್ಕೆ ಒಂದು ಪೂರ್ತಿ ಪೀರಿಯಡ್ ಬಿಟ್ಟುಬಿಡಿ. ಕೈ ಪಳಗಿದವರಿಗೆ ಹತ್ತು ನಿಮಿಷ ಸಾಕು, ಮಕ್ಕಳಿಗೆ ಮೊದಲ ಸಲ ಅಷ್ಟರಲ್ಲಿ ಆಗುವುದಿಲ್ಲ. ಆಗಲೂ ಬೇಕಿಲ್ಲ. ಸಿಲಬಸ್ ಹಿಂದೆ ಬೀಳುತ್ತದೆ ಅಂತ ಟೀಚರೇ ಮಡಿಸಿ ಕೊಟ್ಟರೆ ಅರ್ಧ ಲಾಭ ಅಲ್ಲೇ ಹೋಯಿತು. ಚಿತ್ರ ನೋಡಿಕೊಂಡು, ಪಕ್ಕದವರನ್ನು ಕೇಳಿಕೊಂಡು, ಬಿಚ್ಚಿ ಮತ್ತೆ ಮಡಿಸಿ ತಾವೇ ಮಾಡಿದ ವಸ್ತು ಅದು, ಆಮೇಲೆ ಅದನ್ನು ಹೇಗೆ ಜೋಪಾನ ಮಾಡುತ್ತಾರೆ ನೋಡಿ. ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ ಅಲ್ವಾ 1995ರಲ್ಲಿ ನಲಿ-ಕಲಿ ಶುರುವಾದದ್ದು? ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ಕೈಯಲ್ಲಿ ಮುಟ್ಟಿ ಕಲಿಯುವ ಪದ್ಧತಿ. ಒಂದರಿಂದ ಮೂರನೇ ತರಗತಿವರೆಗೆ ಹಾಗೆ ಕಲಿತ ಮಕ್ಕಳನ್ನು ನಾವು ಹೈಸ್ಕೂಲಿಗೆ ಬಂದ ಮೇಲೆ ಕೈ ಕಟ್ಟಿ ಕೂರಿಸುತ್ತೇವೆ. ಆಮೇಲೆ ಆಸಕ್ತಿಯೇ ಇಲ್ಲ ಅಂತ ಸ್ಟಾಫ್ ರೂಮಿನಲ್ಲಿ ಮಾತಾಡುತ್ತೇವೆ.

ಇನ್ನು ಅಸಲು ವಿಷಯ, ತರಗತಿಯಲ್ಲಿ ಏನಾಯಿತು ಅನ್ನುವುದು.

ಈರುಳ್ಳಿ ಸಿಪ್ಪೆ ಎಲ್ಲರೂ ಮಾಡಿಸುತ್ತಾರೆ, ನಾನೂ ಮಾಡಿಸಿದೆ. ಒಂದು ಹನಿ ಅಯೋಡಿನ್ ಹಾಕಿದರೆ ಕೋಶಗಳ ಗೋಡೆ, ಒಳಗಿನ ಕೋಶಕೇಂದ್ರ ಚೆನ್ನಾಗಿ ಕಾಣುತ್ತದೆ. ಖುಷಿಪಟ್ಟರು. ಆದರೆ ಅದು ಪುಸ್ತಕದಲ್ಲಿ ಇರುವ ಚಿತ್ರವೇ, ಉತ್ತರ ಮೊದಲೇ ಗೊತ್ತು. ಅವರನ್ನು ನಿಜವಾಗಿ ಎಬ್ಬಿಸಿದ್ದು ಕಬ್ಬಿನ ಸೋಗೆ. ನಾಳೆ ನಿಮಗೆ ಏನು ನೋಡಬೇಕು ಅನ್ನಿಸುತ್ತೋ ಅದನ್ನೇ ತನ್ನಿ ಅಂತ ಹೇಳಿದ್ದೆ. ಕೊನೇ ಬೆಂಚಿನ ಹುಡುಗ ಒಬ್ಬ, ರಜೆ ಬಂದರೆ ಅಪ್ಪನ ಜೊತೆ ಕಬ್ಬಿನ ಗದ್ದೆಗೆ ಹೋಗುವವನು, ಸೋಗೆ ತುಂಡು ತಂದಿದ್ದ. ಅಂಚನ್ನು ಟೇಪಿನಲ್ಲಿ ಅಂಟಿಸಿ ನೋಡಿದ. ನೋಡಿ ಕೂಗಿಯೇ ಬಿಟ್ಟ. "ಗರಗ್ಸ ಇದ್ದಂಗದೆ ಕಣ್ ಮಿಸ್!" ಹೌದು, ಕಬ್ಬಿನ ಎಲೆಯ ಅಂಚಿನ ಉದ್ದಕ್ಕೂ ಚೂಪಾದ ಪುಟ್ಟ ಪುಟ್ಟ ಹಲ್ಲುಗಳಿವೆ, ಎಲ್ಲವೂ ಒಂದೇ ಕಡೆಗೆ ಬಾಗಿರುತ್ತವೆ. ಕೈ, ಕತ್ತು ಗೀರಿಸಿಕೊಳ್ಳದ ಮಗು ನಮ್ಮ ಊರಲ್ಲಿ ಇಲ್ಲ. ಯಾಕೆ ಕೊಯ್ಯುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಕಡೆಯಿಂದ ಸವರಿದರೆ ನುಣುಪು, ಇನ್ನೊಂದು ಕಡೆಯಿಂದ ಸವರಿದರೆ ಉರಿ, ಅದು ಯಾಕೆ ಅನ್ನುವುದನ್ನು ಅವನೇ ಎಲ್ಲರಿಗೂ ವಿವರಿಸಿದ.

ಅಲ್ಲಿಂದ ಪ್ರಶ್ನೆಗಳ ಸುರಿಮಳೆ. ಎಲೆ ಮೆತ್ತಗಿರುತ್ತೆ, ಹಲ್ಲು ಯಾಕೆ ಅಷ್ಟು ಗಟ್ಟಿ? ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಸಿಲಿಕಾ ಹೀರಿಕೊಂಡು ಎಲೆಯಲ್ಲಿ ತುಂಬಿಕೊಳ್ಳುತ್ತವೆ, ಮರಳಿನಲ್ಲಿ, ಗಾಜಿನಲ್ಲಿ ಇರುವುದೂ ಅದೇ ಅಂತ ಹೇಳಿದೆ. ಹಾಗಾದ್ರೆ ಭತ್ತದ ಗರಿ? ರಾಗಿ ಪೈರು? ಜೋಳ? ನೀವೇ ನೋಡಿ ಹೇಳಿ ಅಂದೆ. ಮಾರನೇ ದಿನ ಬ್ಯಾಗಿನಲ್ಲಿ ಪುಸ್ತಕಕ್ಕಿಂತ ಎಲೆ ಜಾಸ್ತಿ ಇತ್ತು. ಇಷ್ಟಕ್ಕೆ ನಾನು ಬಹುಮಾನ ಕೊಟ್ಟಿಲ್ಲ, ಅಂಕ ಕೊಟ್ಟಿಲ್ಲ, ಸ್ಟಾರ್ ಅಂಟಿಸಿಲ್ಲ. ಮಗು ತನ್ನದೇ ಗದ್ದೆಯಿಂದ ತನ್ನದೇ ಪ್ರಶ್ನೆ ತಂದಿತ್ತು, ಉತ್ತರ ಹುಡುಕುವ ಸಾಧನ ಅದರ ಕೈಯಲ್ಲೇ ಇತ್ತು. ಅದಕ್ಕೇ ನಾನು ಇಬ್ಬರಿಗೊಂದು ಇರಲೇಬೇಕು ಅನ್ನುವುದು. ಒಂದೇ ಇದ್ದರೆ ಏನು ನೋಡಬೇಕು ಅನ್ನುವುದನ್ನು ಟೀಚರ್ ತೀರ್ಮಾನ ಮಾಡಬೇಕಾಗುತ್ತದೆ. ಕೈತುಂಬ ಇದ್ದರೆ ಮಕ್ಕಳೇ ತೀರ್ಮಾನ ಮಾಡುತ್ತಾರೆ.

ಪರೀಕ್ಷೆಗೂ ಉಪಯೋಗ ಇದೆ, ಹೆಡ್ ಮಾಸ್ಟರಿಗೆ ಹೇಳಲು ಇದು ಬೇಕಾಗುತ್ತದೆ. ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ ಪತ್ರರಂಧ್ರದ, ಅಂದರೆ ಎಲೆ ಉಸಿರಾಡುವ ಪುಟ್ಟ ತೂತಿನ, ಚಿತ್ರ ಇದೆ. ಮಕ್ಕಳು ಅದನ್ನು ಉರು ಹೊಡೆದು ಬರೆಯುತ್ತಾರೆ. ದಾಸವಾಳದ ಎಲೆಯ ಕೆಳಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿದು, ಒಣಗಿದ ಮೇಲೆ ಟೇಪಿನಿಂದ ಕಿತ್ತು ಅದೇ ಟೇಪನ್ನು ನೋಡಿ, ಪತ್ರರಂಧ್ರಗಳ ಅಚ್ಚು ಅದರಲ್ಲಿ ಬಂದಿರುತ್ತದೆ. ಇದೇ ಕೆಲಸ ಕಬ್ಬಿನ ಎಲೆಗೆ ಮಾಡಿದರೆ ಬೇರೆ ಥರ ಕಾಣುತ್ತದೆ. ದಾಸವಾಳದಲ್ಲಿ ಅಲ್ಲೊಂದು ಇಲ್ಲೊಂದು ಚೆಲ್ಲಿದ ಹಾಗೆ, ಕಬ್ಬಿನಲ್ಲಿ ನಾಟಿ ಹಾಕಿದ ಹಾಗೆ ಸಾಲು ಸಾಲು. ಏಕದಳ, ದ್ವಿದಳ ಸಸ್ಯಗಳ ವ್ಯತ್ಯಾಸವನ್ನು ನಾನು ಇಷ್ಟು ಸಲೀಸಾಗಿ ಬೇರೆ ಯಾವ ರೀತಿಯಲ್ಲೂ ಹೇಳಿಕೊಟ್ಟಿಲ್ಲ. ನಾಲೆ ಪಕ್ಕದ ನಿಂತ ನೀರಿನ ಪಾಚಿ ತಂದರೆ ಅದರಲ್ಲಿ ಸ್ಪೈರೋಗೈರಾದ ಹಸಿರು ಸುರುಳಿ ಸಿಗುತ್ತದೆ, ತುಂಡರಿಕೆಯ (ಒಂದು ಎಳೆ ತುಂಡಾಗಿ, ಆ ತುಂಡುಗಳೇ ಹೊಸ ಎಳೆಗಳಾಗಿ ಬೆಳೆಯುವುದು) ಪಾಠ ಅಲ್ಲೇ ಆಯಿತು. ನಾಲೆ ಹತ್ತಿರಕ್ಕೆ ಮಕ್ಕಳನ್ನು ಮಾತ್ರ ಕಳಿಸಬೇಡಿ, ನೀರು ನೀವೇ ತನ್ನಿ. ಆಲೂಗಡ್ಡೆ ಕೆರೆದು ಅಯೋಡಿನ್ ಹಾಕಿದರೆ ಪಿಷ್ಟದ ಕಣಗಳು ನೀಲಿಯಾಗಿ ಕಾಣುತ್ತವೆ.

ನಾನು ಮಾಡುವ ಇನ್ನೆರಡು ಸಂಗತಿ ಹೇಳುತ್ತೇನೆ. ಇದಕ್ಕೆ ಪುಟ್ಟ ಅಯಸ್ಕಾಂತ ಇದೆ, ಅದನ್ನು ಫೋನಿನ ಕ್ಯಾಮೆರಾದ ಮೇಲೆ ಅಂಟಿಸಿಕೊಂಡರೆ ಕಂಡದ್ದನ್ನು ಫೋಟೋ ತೆಗೆಯಬಹುದು. ವಾರಕ್ಕೊಂದು ಫೋಟೋ ನೋಟಿಸ್ ಬೋರ್ಡಿಗೆ ಹಾಕಿ ಕೆಳಗೆ "ಇದೇನು ಹೇಳಿ" ಅಂತ ಬರೆಯುತ್ತೇವೆ. ಫೋಟೋ ತೆಗೆದ ಮಗುವಿಗೆ ಮಾತ್ರ ಉತ್ತರ ಗೊತ್ತು, ನನಗೂ ಹೇಳುವಂತಿಲ್ಲ. ಇಡೀ ಶಾಲೆ ತಲೆ ಕೆಡಿಸಿಕೊಳ್ಳುತ್ತದೆ. ಇನ್ನೊಂದು, ಅಳತೆ. ಮನುಷ್ಯರ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ನೋಡುವ ವಸ್ತುವಿನ ಪಕ್ಕದಲ್ಲೇ ಒಂದು ಕೂದಲು ಇಟ್ಟುಬಿಟ್ಟರೆ ಅದೇ ಸ್ಕೇಲು. ಈರುಳ್ಳಿಯ ಕೋಶ ಎಷ್ಟು ಕೂದಲಿನಷ್ಟು ಉದ್ದ ಅಂತ ಲೆಕ್ಕ ಹಾಕುತ್ತಾರೆ, ಗಣಿತದ ಸರ್ ಕೂಡ ಈಗ ಈ ಪೀರಿಯಡ್ಡಿಗೆ ಬಂದು ನಿಲ್ಲುತ್ತಾರೆ.

ಕೊಳ್ಳುವ ಮೊದಲು ಇದರ ಮಿತಿ ತಿಳಿದುಕೊಳ್ಳಿ. ಎರಡು ಮೈಕ್ರಾನಿಗಿಂತ ಸಣ್ಣದನ್ನು ಇದು ಬಿಡಿಸಿ ತೋರಿಸುವುದಿಲ್ಲ. ಅಂದರೆ ಮೊಸರಿನ ಬ್ಯಾಕ್ಟೀರಿಯಾ ತೋರಿಸುತ್ತೇನೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ಸೂಕ್ಷ್ಮಜೀವಿಗಳ ಪಾಠಕ್ಕೆ ಬೂಷ್ಟು ಹಿಡಿದ ಬ್ರೆಡ್ ಒಳ್ಳೆಯದು, ಆದರೆ ಅದನ್ನು ನೀವೇ ಟೇಪಿನಲ್ಲಿ ಮುಚ್ಚಿ ಕೊಡಿ, ಮಕ್ಕಳು ಬೂಷ್ಟಿನ ಹತ್ತಿರ ಉಸಿರು ಎಳೆಯುವುದು ಬೇಡ. ಲೆನ್ಸಿಗೆ ಕಣ್ಣು ಪೂರ್ತಿ ಹತ್ತಿರ ಇಟ್ಟು ನೋಡಬೇಕು, ಫೋಕಸ್ ಮಾಡಲು ಬೆರಳಿಗೆ ಅಭ್ಯಾಸ ಬೇಕು. ಮೊದಲ ದಿನ "ಏನೂ ಕಾಣ್ತಿಲ್ಲ ಮಿಸ್" ಅನ್ನುವ ದನಿ ನಾಲ್ಕು ಮೂಲೆಯಿಂದ ಬರುತ್ತದೆ. ಬೇಗ ಹಿಡಿತ ಸಿಕ್ಕಿದ ಮಕ್ಕಳನ್ನು ಉಳಿದವರ ಸಹಾಯಕ್ಕೆ ಬಿಡಿ. ನಮ್ಮಲ್ಲಿ ಹೀಗೆ ಮುಂದೆ ಬಂದವರಲ್ಲಿ ಹೆಚ್ಚಿನವರು ರ‍್ಯಾಂಕಿನ ಮಕ್ಕಳಲ್ಲ, ಮನೆಯಲ್ಲಿ ಹೊಲಿಗೆ, ರಿಪೇರಿ, ಹೂ ಕಟ್ಟುವ ಕೆಲಸ ಮಾಡಿ ಕೈ ಪಳಗಿದವರು. ಅವರ ಮುಖ ನೋಡಬೇಕಿತ್ತು ನೀವು.

ಒಂದು ಎಚ್ಚರಿಕೆಯನ್ನು ಪ್ರತಿ ಸಲ ಹೇಳಿ. ಇದರಲ್ಲಿ ಸೂರ್ಯನನ್ನು ನೇರವಾಗಿ ನೋಡಲೇಬಾರದು. ಆಕಾಶದ ಬೆಳಕು, ಟ್ಯೂಬ್‌ಲೈಟು ಸಾಕು. ಲೆನ್ಸಿಗೆ ಬೆರಳು ತಾಗದ ಹಾಗೆ ಅಂಚು ಹಿಡಿಯುವುದನ್ನು ಮೊದಲ ದಿನವೇ ಅಭ್ಯಾಸ ಮಾಡಿಸಿ.

ಆನ್‌ಲೈನ್‌ನಲ್ಲಿ ಬಿಡಿಯಾಗಿಯೂ ಸಿಗುತ್ತದೆ, ತರಗತಿಗೆ ಅಂತ 20ರ ಕಟ್ಟೂ ಸಿಗುತ್ತದೆ. ಡಬ್ಬಿಯಲ್ಲಿ ಬರುವ ಕಿಟ್‌ಗೆ ಬೆಲೆ ಜಾಸ್ತಿ, ಅದು ಮನೆಯಲ್ಲಿ ಒಬ್ಬ ಮಗುವಿಗೆ ಉಡುಗೊರೆ ಕೊಡಲು ಸರಿ. ಶಾಲೆಗೆ ಕಟ್ಟನ್ನೇ ತಗೊಳ್ಳಿ, ಸ್ಲೈಡು, ಟೇಪು, ಅಯೋಡಿನ್ ಇವೆಲ್ಲ ಊರಲ್ಲೇ ಸಿಗುತ್ತವೆ. ಒಂದು ಒಳ್ಳೆಯ ದೊಡ್ಡ ಮೈಕ್ರೋಸ್ಕೋಪ್ ಕೊಳ್ಳುವ ಯೋಚನೆ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿ ಮುಂದೆ ಇದ್ದರೆ, ಅಥವಾ ಹಳೇ ವಿದ್ಯಾರ್ಥಿಗಳು ಏನಾದರೂ ಕೊಡಿಸುತ್ತೇವೆ ಅಂತ ಬಂದರೆ, ಇದನ್ನು ಕೇಳಿ ನೋಡಿ. ಬಂದ ಮೇಲೆ ಬೀರುವಿನಲ್ಲಿ ಇಡಬೇಡಿ. ನಾವು ಸರದಿಯ ಮೇಲೆ ಮನೆಗೂ ಕಳಿಸುತ್ತೇವೆ, ಶನಿವಾರ ಮಧ್ಯಾಹ್ನ ತಗೊಂಡು ಹೋಗಿ ಸೋಮವಾರ ತರಬೇಕು, ಜೊತೆಗೆ ನೋಡಿದ್ದರ ಒಂದು ಚಿತ್ರ ಬರೆದು ತರಬೇಕು. ಹೋದ ವಾರ ಬಂದ ಚಿತ್ರಗಳಲ್ಲಿ ರೇಷ್ಮೆ ಎಳೆ, ಸೊಳ್ಳೆ ರೆಕ್ಕೆ, ಆಲೆಮನೆಯಿಂದ ತಂದ ಬೆಲ್ಲದ ಚೂರು ಮತ್ತು ಒಬ್ಬಳು ತನ್ನ ಅಜ್ಜಿಯ ಬಿಳಿ ಕೂದಲನ್ನು ತನ್ನ ಕಪ್ಪು ಕೂದಲಿನ ಪಕ್ಕ ಇಟ್ಟು ಬರೆದದ್ದು ಇತ್ತು. ಬಿಳಿ ಕೂದಲೊಳಗೆ ಬಣ್ಣ ಯಾಕಿಲ್ಲ ಅಂತ ಕೆಳಗೆ ಪ್ರಶ್ನೆಯನ್ನೂ ಬರೆದಿದ್ದಳು. ಈ ಸೋಮವಾರದ ಪಾಠ ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಬಗ್ಗೆ.