ರಾಣಿ ಬಾಗ್‌ನಲ್ಲಿ ಬಂದವರು, ಹೋದವರು, ಮನೆ ಬದಲಿಸಿದವರು

ಮುಂಬೈಯ ಬೈಕುಳಾ ಪೂರ್ವದ ಮೃಗಾಲಯ ರಾಣಿ ಬಾಗ್‌ಗೆ ಕಾಗದದ ಮೇಲಿನ ಹೆಸರು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ. ಮೈಸೂರು, ಪಿಲಿಕುಳ ಕಂಡ ಕಣ್ಣಿಗೆ ಇದು ಚಿಕ್ಕದೇ. ಇರುವ ಐವತ್ತು ಚಿಲ್ಲರೆ ಎಕರೆಯಲ್ಲಿ ಒಳ್ಳೆಯ ಪಾಲು 1862ರ ವಿಕ್ಟೋರಿಯಾ ಗಾರ್ಡನ್ಸ್ ಕಾಲದಿಂದ ಬಂದ ತೋಟದ್ದು. ಹಾಗಾಗಿ ಹೊಸ ಪ್ರಾಣಿ ಬರಬೇಕಾದರೆ ಹಳೆಯದು ಜರುಗಬೇಕು, ಇಲ್ಲವೇ ಹಳೇ ಪಂಜರ ಒಡೆದು ಕಟ್ಟಬೇಕು. ಊರಿಂದ ಬಂದ ನೆಂಟರ ಜೊತೆ ಹೋಗುವವರು ಇದನ್ನು ತಿಳಿದಿದ್ದರೆ "ಪೇಪರಲ್ಲಿ ಬಂದಿತ್ತಲ್ಲ, ಎಲ್ಲಿ ಪ್ರಾಣಿ?" ಎಂದು ಗೊಣಗಬೇಕಿಲ್ಲ.

ಬಂದ ಪ್ರಾಣಿಯನ್ನು ನೇರ ಜನರ ಮುಂದೆ ಬಿಡುವುದಿಲ್ಲ. ಮೊದಲು ಕ್ವಾರಂಟೈನ್, ಸಾಮಾನ್ಯವಾಗಿ ತಿಂಗಳ ಮಟ್ಟಿಗೆ. ಸಗಣಿ ಪರೀಕ್ಷೆ ಮಾಡಿ ಜಂತುಹುಳುವಿಗೆ ಮದ್ದು, ರಕ್ತ ಪರೀಕ್ಷೆ, ಬೇಕಾದ ಲಸಿಕೆ. ಆಮೇಲೆ ರಾತ್ರಿ ಕೋಣೆ. ಊಟ ಅಲ್ಲೇ ಸಿಗುತ್ತದೆಂದು ಗೊತ್ತಾಗುವ ಮೊದಲೇ ಹೊರಗಿನ ಆವರಣಕ್ಕೆ ಪೂರ್ತಿ ಬಿಟ್ಟರೆ ಸಂಜೆ ಒಳಗೆ ಕರೆಯುವುದೇ ಕಷ್ಟ. ಹಾಗಾಗಿ ಸುದ್ದಿ ಬಂದು ಒಂದೆರಡು ತಿಂಗಳ ನಂತರ ಹೋಗುವುದೇ ಲೇಸು.

ಇಲ್ಲಿನ ದೊಡ್ಡ ಆಕರ್ಷಣೆ ಹಂಬೋಲ್ಟ್ ಪೆಂಗ್ವಿನ್. 2016ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಬಂದವು. ಆವರಣ ಜನರಿಗೆ ತೆರೆದದ್ದು 2017ರ ಮಾರ್ಚ್‌ನಲ್ಲಿ. ನಡುವೆ ಅಕ್ಟೋಬರ್‌ನಲ್ಲಿ ಬ್ಯಾಕ್ಟೀರಿಯಾ ಸೋಂಕಿನಿಂದ ಒಂದು ಸತ್ತಿತು. ಮನೆ ಕಟ್ಟಿ ಮುಗಿಸುವ ಮೊದಲೇ ನೆಂಟರನ್ನು ಕರೆಸಿದ ಹಾಗಾಯಿತು. 2018ರ ಆಗಸ್ಟ್ 15ರಂದು ಹುಟ್ಟಿದ ಮೊದಲ ಮರಿಯೂ ಒಂದು ವಾರ ಮಾತ್ರ ಬದುಕಿತು. 2021ರಿಂದ ಮರಿಗಳು ಉಳಿದವು, ಈಗ ಬಳಗ ಬೆಳೆದಿದೆ.

ಇವು ಅಂಟಾರ್ಟಿಕಾದವಲ್ಲ, ಪೆರು ಮತ್ತು ಚಿಲಿ ಕರಾವಳಿಯವು. ಒಳಗೆ ಹಿಮ ಹುಡುಕಬೇಡಿ. ಉಷ್ಣಾಂಶ 16ರಿಂದ 18 ಡಿಗ್ರಿ. ಎ.ಸಿ.ಗೆ ಹೊರಗಿನ ಸೆಕೆಯಷ್ಟೇ ಅಲ್ಲ, ಮುಂಬೈ ಗಾಳಿಯ ತೇವವೂ ವೈರಿ. ಗಾಳಿ ಶುದ್ಧವಿಲ್ಲದಿದ್ದರೆ ಶಿಲೀಂಧ್ರದ ಬೀಜಕಣ ಶ್ವಾಸಕೋಶಕ್ಕೆ ಹೊಕ್ಕು ಆಸ್ಪರ್ಜಿಲೋಸಿಸ್ ಬರುತ್ತದೆ. ಸಾಕಿದ ಪೆಂಗ್ವಿನ್‌ಗಳನ್ನು ಹೆಚ್ಚು ಕೊಲ್ಲುವ ರೋಗಗಳಲ್ಲಿ ಇದೊಂದು. ನೆಲ ಗಟ್ಟಿಯಾಗಿದ್ದು ಹಕ್ಕಿ ಈಜದೆ ನಿಂತೇ ಇದ್ದರೆ ಅಂಗಾಲು ಹುಣ್ಣಾಗುತ್ತದೆ. ಫ್ರೀಜರಿನಲ್ಲಿಟ್ಟ ಮೀನಿನಲ್ಲಿ ಬಿ1 ವಿಟಮಿನ್ ಕಡಿಮೆಯಾಗುವುದರಿಂದ ಪೆಂಗ್ವಿನ್ ಸಾಕುವ ಕಡೆಗಳಲ್ಲಿ ಮಾತ್ರೆಯನ್ನು ಮೀನಿನ ಕಿವಿರಿನೊಳಗೆ ತುರುಕಿ ಕೊಡುತ್ತಾರೆ. ವರ್ಷಕ್ಕೊಮ್ಮೆ ಗರಿ ಉದುರುವ ಎರಡು ಮೂರು ವಾರ ಹಕ್ಕಿ ನೀರಿಗೆ ಇಳಿಯದೆ ಮೂಲೆ ಹಿಡಿದು ನಿಲ್ಲುತ್ತದೆ. ಕೊಳೆ ಹತ್ತಿಯ ತುಣುಕುಗಳು ಮೈಗೆ ಅಂಟಿದಂತೆ ಕಂಡರೆ ಕಾಯಿಲೆಯೆಂದು ಗಾಬರಿ ಬೇಡ.

ಹುಲಿ ಜೋಡಿ ಶಕ್ತಿ, ಕರಿಷ್ಮಾ 2020ರ ಫೆಬ್ರವರಿಯಲ್ಲಿ ಔರಂಗಾಬಾದಿನ (ಈಗ ಛತ್ರಪತಿ ಸಂಭಾಜಿನಗರ) ಸಿದ್ಧಾರ್ಥ ಉದ್ಯಾನದಿಂದ ಬಂದವು. 2021ರ ನವೆಂಬರ್‌ನಲ್ಲಿ ವೀರಾ ಹುಟ್ಟಿದಳು. ಹುಲಿ ಸಾಗಿಸುವ ಕೆಲಸ ಲಾರಿ ಬರುವ ಬಹಳ ಮೊದಲೇ ಶುರು. ಸಾಗಣೆ ಪೆಟ್ಟಿಗೆಯನ್ನು ಕೋಣೆ ಬಾಗಿಲಿಗೆ ಜೋಡಿಸಿ ಮಾಂಸವನ್ನು ಅದರೊಳಗೇ ಇಡುತ್ತಾರೆ. ಹುಲಿ ತಾನಾಗಿ ಒಳಹೊಕ್ಕು ತಿನ್ನತೊಡಗಿದ ಮೇಲೆ ಬಾಗಿಲು ಹಾಕಿ ತೆಗೆದು ರೂಢಿ ಮಾಡಿಸುತ್ತಾರೆ. ಮಂಪರು ಮದ್ದು ಕೊಟ್ಟು ದಾರಿ ಹಿಡಿದರೆ ವಾಂತಿ ಶ್ವಾಸನಾಳಕ್ಕೆ ಹೋಗಬಹುದು, ಮೈ ಬಿಸಿ ಹತೋಟಿ ತಪ್ಪಬಹುದು. ಹುಲಿ ಆವರಣಕ್ಕೆ ಈಗ ಕಂಬಿಯ ಬದಲು ಗಾಜು. ನೋಡಲು ಸೊಗಸು, ಮಧ್ಯಾಹ್ನ ಫೋಟೊಗೆ ಮಾತ್ರ ಕಿರಿಕಿರಿ: ಕಾಣುವುದು ನಮ್ಮದೇ ಮುಖ. ಬೆಳಿಗ್ಗೆ ಗೇಟ್ ತೆರೆದ ಕೂಡಲೇ ಹೋಗಿ, ಫೋನನ್ನು ಗಾಜಿಗೆ ಒತ್ತಿ ಹಿಡಿಯಿರಿ.

ಮೃಗಾಲಯಗಳ ನಡುವೆ ಪ್ರಾಣಿ ಮಾರಾಟ ಇಲ್ಲ, ವಿನಿಮಯ. ಅದಕ್ಕೂ ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಬೇಕು. ಕೊಡಲು ಎಲ್ಲರ ಬಳಿಯೂ ಇರುವುದು ಚುಕ್ಕಿ ಜಿಂಕೆ, ಅದಕ್ಕೇ ಅದರ ಬೆಲೆ ಕಡಿಮೆ. ಬಲೆ ಹಾಕಿ ಅಟ್ಟಿಸಿದರೆ ಜಿಂಕೆ ಗಾಬರಿಯಲ್ಲೇ ಸ್ನಾಯು ಕೆಟ್ಟು ದಿನಗಳ ನಂತರ ಸಾಯಬಹುದು. ಮೇವಿಟ್ಟು ಇಕ್ಕಟ್ಟಾಗುತ್ತ ಹೋಗುವ ಬೇಲಿಯೊಳಗೆ ಸೇರಿಸುವುದೇ ಸರಿ. ಸಿಂಹದ ಕಥೆ ಬೇರೆ. ಸಿಂಹಕ್ಕೆ ಬದಲಿಗೆ ಗುಜರಾತಿನ ಜುನಾಗಢ ಮೃಗಾಲಯ ಕೇಳಿದ್ದು ಜೀಬ್ರಾ. ಜೀಬ್ರಾ ತರಿಸಬೇಕಾದರೆ ಆಫ್ರಿಕನ್ ಕುದುರೆ ರೋಗವಿಲ್ಲವೆಂಬ ಪ್ರಮಾಣಪತ್ರ ಬೇಕು. ಅಲ್ಲಿಗೆ ಸಿಂಹವೂ ವರ್ಷಗಟ್ಟಲೆ ಮುಂದೆ ಹೋಯಿತು.

ಒಳಗೆ ನಡೆದಾಡಬಹುದಾದ ಪಕ್ಷಿಮನೆ 2020ರ ಜನವರಿ 26ರಂದು ತೆರೆದದ್ದು. ಟೋಪಿ ಇರಲಿ, ಹಿಕ್ಕೆ ಮೇಲಿಂದ ಬೀಳುತ್ತದೆ.

ಟಿಕೆಟ್ ದೊಡ್ಡವರಿಗೆ 50 ರೂಪಾಯಿ, 3ರಿಂದ 12 ವರ್ಷದವರಿಗೆ 25. ಅಪ್ಪ, ಅಮ್ಮ, ಇಬ್ಬರು ಮಕ್ಕಳಿಗೆ ಒಟ್ಟು 100. ಈ ದರಕ್ಕೆ ದೂರುವಂಥದ್ದೇನಿಲ್ಲ. ಭಾನುವಾರ ಪೆಂಗ್ವಿನ್ ಸಾಲೇ ಅರ್ಧ ದಿನ ತಿನ್ನುತ್ತದೆ. ಬುಧವಾರ ರಜೆ, ಅಂದು ಸಾರ್ವಜನಿಕ ರಜೆ ಬಿದ್ದರೆ ತೆರೆದಿಟ್ಟು ಮರುದಿನ ಮುಚ್ಚುತ್ತಾರೆ. ಪಕ್ಕದ ಭಾವು ದಾಜಿ ಲಾಡ್ ಮ್ಯೂಸಿಯಂಗೂ ಬುಧವಾರವೇ ರಜೆ.